ಬೆನ್ನುಹುರಿಗೆ ಪೆಟ್ಟಾದವರ ಮೂತ್ರದ ತೊಂದರೆ: ಮನೆಯಲ್ಲಿ ಕಾಲಿಗೆ ಕರೆಂಟ್ ಕೊಡುವುದು ಹೇಗೆ?

ನಮ್ಮ ಅಣ್ಣ ಅಡಿಕೆ ಮರದಿಂದ ಬಿದ್ದು ಮೂರು ವರ್ಷ ಆಯಿತು. ಮಳೆಗಾಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಹತ್ತಿದ್ದ, ಜಾರಿದ. ಎದೆಯ ಹಿಂದೆ ಬೆನ್ನುಹುರಿಗೆ ಪೆಟ್ಟು, ಡಾಕ್ಟರ್ ಭಾಷೆಯಲ್ಲಿ ಟಿ-10 (ಟಿ ಅಂದರೆ ಎದೆಯ ಭಾಗ, ಅಂಕಿ ಮೇಲಿನಿಂದ ಕೆಳಗೆ ಎಣಿಸುವುದು). ನೋಡಲು ಬಂದವರೆಲ್ಲ ‘ಕಾಲಿಗೆ ಸ್ವಲ್ಪ ಬಲ ಬಂತಾ’ ಅಂತ ಕೇಳಿದರು. ನಮ್ಮನ್ನು ಹೈರಾಣ ಮಾಡಿದ್ದು ಮಾತ್ರ ಮೂತ್ರ. ದಿನಕ್ಕೆ ಐದಾರು ಸಲ ಲುಂಗಿ ಒದ್ದೆ, ರಾತ್ರಿ ಎರಡು ಸಲ ಹಾಸಿಗೆ ಬಟ್ಟೆ ಬದಲು, ಆಗಾಗ ಚಳಿಜ್ವರ. ಆ ಮಳೆಗಾಲದಲ್ಲಿ ಬಟ್ಟೆ ಒಣಗದೆ ಅತ್ತಿಗೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಲುಂಗಿ ಒಣಗಿಸುತ್ತಿದ್ದರು.

ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಪಾದದ ಗಂಟಿನ ಹತ್ತಿರ ಎರಡು ಪ್ಯಾಡ್ ಅಂಟಿಸಿ ಅರ್ಧ ಗಂಟೆ ಸಣ್ಣ ಕರೆಂಟ್ ಕೊಡುವುದನ್ನು ಹೇಳಿಕೊಟ್ಟರು. ಅಣ್ಣನಿಗೆ ಇದರಿಂದ ಉಪಯೋಗ ಆಯಿತು. ಎಲ್ಲರಿಗೂ ಆಗುತ್ತದೆ ಅಂತ ಹೇಳಲಾರೆ. ನಾನು ಡಾಕ್ಟರ್ ಅಲ್ಲ, ಮನೆಯಲ್ಲಿ ಇದನ್ನು ಮಾಡುವವನು. ಮಷಿನ್ ಕೊಳ್ಳುವ ಮೊದಲು ಏನು ತಿಳಿದಿರಬೇಕು, ಆಮೇಲೆ ಹೇಗೆ ಮಾಡಬೇಕು, ಎಲ್ಲಿ ಹುಷಾರಾಗಿರಬೇಕು ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು, ಒಳಗೆ ಏನಾಗಿದೆ ಅಂತ ತಿಳಿಯಿರಿ

ಮೂತ್ರಚೀಲಕ್ಕೆ ಎರಡು ಕೆಲಸ. ತುಂಬುವ ತನಕ ಸುಮ್ಮನಿರುವುದು, ಆಮೇಲೆ ಹಿಂಡಿ ಹೊರಹಾಕುವುದು. ಚೀಲ ಹಿಂಡುವಾಗ ಕೆಳಗಿನ ಬಾಗಿಲು, ಅಂದರೆ ಮೂತ್ರ ಹಿಡಿದಿಡುವ ಸ್ನಾಯು ತೆರೆದುಕೊಳ್ಳಬೇಕು. ಈ ಎರಡನ್ನೂ ಹೊಂದಿಸುವುದು ಮೆದುಳು. ಮಾತುಕತೆ ನಡೆಯುವುದು ಬೆನ್ನುಹುರಿಯ ಮೂಲಕ. ಹುರಿಯ ತುದಿಯಲ್ಲಿ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಮೂತ್ರಚೀಲದ ನರಗಳ ಕೇಂದ್ರ ಇದೆ. ಎಸ್-2ರಿಂದ ಎಸ್-4 ಅಂತ ರಿಪೋರ್ಟಿನಲ್ಲಿ ಬರೆಯುವುದು ಇದನ್ನೇ.

ಪೆಟ್ಟು ಈ ಕೇಂದ್ರಕ್ಕಿಂತ ಮೇಲೆ ಬಿದ್ದಿದ್ದರೆ ಕೇಂದ್ರ ಹಾಗೇ ಇರುತ್ತದೆ, ಆದರೆ ಮೆದುಳಿನ ಹಿಡಿತ ತಪ್ಪಿರುತ್ತದೆ. ಆಗ ಚೀಲ ಸ್ವಲ್ಪ ತುಂಬಿದರೂ ತಾನಾಗಿಯೇ ಹಿಂಡುತ್ತದೆ, ಅದೇ ಹೊತ್ತಿಗೆ ಬಾಗಿಲೂ ಬಿಗಿಯಾಗುತ್ತದೆ. ಪೈಪಿನ ಬಾಯಿಗೆ ಬೆರಳಿಟ್ಟು ಪಂಪ್ ಚಾಲು ಮಾಡಿದ ಹಾಗೆ. ಸ್ವಲ್ಪ ಹೊರಗೆ ಚಿಮ್ಮುತ್ತದೆ, ಉಳಿದ ಒತ್ತಡವೆಲ್ಲ ಮೇಲಕ್ಕೆ, ಕಿಡ್ನಿಯ ಕಡೆಗೆ. ಕಾಲಿಗೆ ಕರೆಂಟ್ ಕೊಡುವುದು ಮುಖ್ಯವಾಗಿ ಇಂಥವರಿಗೆ.

ಪೆಟ್ಟು ಆ ಕೇಂದ್ರಕ್ಕೇ ಅಥವಾ ಅದರಿಂದ ಹೊರಡುವ ನರಗಳಿಗೇ ಬಿದ್ದಿದ್ದರೆ ಕಥೆ ಬೇರೆ. ಚೀಲ ಜೋಲುಬಿದ್ದಿರುತ್ತದೆ, ಹಿಂಡುವುದೇ ಇಲ್ಲ, ತುಂಬಿ ತುಳುಕಿದ್ದೇ ಸೋರುವುದು. ಗಲಾಟೆ ಮಾಡುವ ಚೀಲವನ್ನು ಸುಮ್ಮನಿರಿಸುವ ಚಿಕಿತ್ಸೆ ಇದು. ಮೊದಲೇ ಸುಮ್ಮನಿರುವ ಚೀಲಕ್ಕೆ ಇದರಿಂದ ಹೆಚ್ಚು ನಿರೀಕ್ಷೆ ಬೇಡ.

ಪೆಟ್ಟಾದ ಮೊದಲ ಕೆಲವು ವಾರ ಯಾವ ಮಟ್ಟದ ಪೆಟ್ಟೇ ಆಗಿರಲಿ, ಹುರಿ ಆಘಾತದಲ್ಲಿರುತ್ತದೆ, ಚೀಲವೂ ಸತ್ತ ಹಾಗೆ ಇರುತ್ತದೆ. ಆ ಹೊತ್ತಿಗೇ ಕರೆಂಟ್ ಶುರು ಮಾಡಿದರೆ ಮುಂದಿನ ಗಲಾಟೆ ಕಡಿಮೆ ಆಗಬಹುದಾ ಅಂತ ಅಮೆರಿಕ, ಸ್ವಿಟ್ಜರ್ಲೆಂಡ್ ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿದ್ದಾರೆ. ಅದು ಆಸ್ಪತ್ರೆಯವರ ಕಣ್ಣೆದುರು ಆಗಬೇಕಾದ ಕೆಲಸ, ಮನೆಯಲ್ಲಿ ಅಲ್ಲ.

ಕಾಲಿಗೂ ಮೂತ್ರಚೀಲಕ್ಕೂ ಏನು ಸಂಬಂಧ?

ಇದು ನಾನೂ ಕೇಳಿದ ಪ್ರಶ್ನೆ. ಪಾದದ ಗಂಟಿನ ಒಳಬದಿಯಲ್ಲಿ ಟಿಬಿಯಲ್ ಅನ್ನುವ ನರ ಹಾದುಹೋಗುತ್ತದೆ. ಅದು ಹುರಿಯನ್ನು ಸೇರುವ ಬೇರುಗಳಲ್ಲಿ ಎಸ್-2, ಎಸ್-3 ಕೂಡ ಇವೆ. ಮೂತ್ರಚೀಲದ ನರಗಳೂ ಅಲ್ಲಿಗೇ ಬರುತ್ತವೆ. ಕಾಲಿನಿಂದ ಹೋದ ಸಣ್ಣ ಕರೆಂಟು ಅಲ್ಲಿ ಮೂತ್ರಚೀಲದ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ. ಚೀನಾದ ಅಕ್ಯುಪಂಕ್ಚರ್‌ನವರು ಬಹಳ ಹಿಂದಿನಿಂದ ಸೂಜಿ ಹಾಕುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಜಾಗಕ್ಕೆ. 1983ರಲ್ಲಿ ಅಮೆರಿಕದ ಡಾಕ್ಟರ್ ಎಡ್ವರ್ಡ್ ಮೆಗೈರ್ ಮತ್ತು ಜೊತೆಗಾರರು ಈ ನರಕ್ಕೆ ಕರೆಂಟ್ ಕೊಟ್ಟು ನೋಡಿದ್ದನ್ನು ಬರೆದರು. ಈಗ ಎರಡು ವಿಧ ಇದೆ. ಒಂದು ಸಣ್ಣ ಸೂಜಿ ಚುಚ್ಚಿ ಆಸ್ಪತ್ರೆಯಲ್ಲಿ ಕೊಡುವುದು, ಸಾಮಾನ್ಯವಾಗಿ ವಾರಕ್ಕೊಂದು ಸಲ, 30 ನಿಮಿಷ, 12 ವಾರ. ಇನ್ನೊಂದು ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಕೊಡುವುದು. ಮನೆಯಲ್ಲಿ ಮಾಡುವುದು ಈ ಎರಡನೆಯದು.

ಟೆಸ್ಟ್ ಮಾಡಿಸದೆ ಮಷಿನ್ ಕೊಳ್ಳಬೇಡಿ

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಯೂರೋಡೈನಮಿಕ್ ಟೆಸ್ಟ್ ಅಂತ ಇದೆ. ಮೂತ್ರಚೀಲಕ್ಕೆ ಒಂದು ತೆಳು ನಳಿಕೆ, ಗುದದ್ವಾರಕ್ಕೆ ಇನ್ನೊಂದು. ನಿಧಾನವಾಗಿ ಸಲೈನ್ ತುಂಬುತ್ತಾ ಎಷ್ಟು ಮಿ.ಲೀ.ಗೆ ಚೀಲ ಹಿಂಡಲು ಶುರು ಮಾಡುತ್ತದೆ, ಆಗ ಒತ್ತಡ ಎಷ್ಟು ಏರುತ್ತದೆ ಅಂತ ಕಂಪ್ಯೂಟರಿನಲ್ಲಿ ನೋಡುತ್ತಾರೆ. ಮೂತ್ರ ಸೋರುವ ಹೊತ್ತಿಗೆ ಒತ್ತಡ 40 ಸೆಂ.ಮೀ. ನೀರಿನ ಮಟ್ಟ ದಾಟಿದ್ದರೆ ಕಿಡ್ನಿಗೆ ಅಪಾಯ ಅಂತ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ.

ಅಣ್ಣನಿಗೆ ಟೆಸ್ಟ್ ಆಗುವ ತನಕ ನಮಗೆ ಇದ್ದದ್ದು ಒಂದೇ ಅಳತೆ, ಲುಂಗಿ ಒದ್ದೆಯಾ ಒಣಗಿದೆಯಾ ಅನ್ನುವುದು. ಅದು ತಪ್ಪು ಅಳತೆ. ಬಟ್ಟೆ ಒಣಗಿದ್ದರೂ ಒಳಗೆ ಒತ್ತಡ ಜಾಸ್ತಿ ಇರಬಹುದು. ಬಾಗಿಲು ಗಟ್ಟಿಯಾಗಿ ಮುಚ್ಚಿಕೊಂಡವರಿಗೆ ಸೋರುವುದು ಕಡಿಮೆ, ಆದರೆ ಕಿಡ್ನಿಗೆ ಬೀಳುವ ಹೊಡೆತ ಹೆಚ್ಚು, ಅದು ನೋವೂ ಕೊಡದೆ ವರ್ಷಗಟ್ಟಲೆ ನಡೆಯುತ್ತದೆ. ಹಿಂದಿನ ಕಾಲದಲ್ಲಿ ಬೆನ್ನುಹುರಿ ಪೆಟ್ಟಿನವರು ಹೆಚ್ಚಾಗಿ ಸಾಯುತ್ತಿದ್ದದ್ದೇ ಕಿಡ್ನಿ ಕೆಟ್ಟು. ಹಾಗಾಗಿ ನೀವು ಕರೆಂಟ್ ಶುರು ಮಾಡಿ ಸೋರುವುದು ನಿಂತರೂ ‘ಗುಣ ಆಯಿತು’ ಅಂದುಕೊಂಡು ಬಿಡಬೇಡಿ, ಒತ್ತಡ ಇಳಿದಿದೆಯಾ ಅಂತ ಮತ್ತೆ ಟೆಸ್ಟ್‌ನಲ್ಲೇ ನೋಡಬೇಕು.

ಜೊತೆಗೆ ಕಿಡ್ನಿಯ ಸ್ಕ್ಯಾನಿಂಗ್ ವರ್ಷಕ್ಕೊಮ್ಮೆ ಆದರೂ ಮಾಡಿಸಿ. ಕಿಡ್ನಿ ಹೇಗಿದೆ ಅಂತ ನೋಡುವ ರಕ್ತದ ಕ್ರಿಯಾಟಿನಿನ್ ಟೆಸ್ಟ್ ನಾರ್ಮಲ್ ಬಂತು ಅಂತ ಸುಮ್ನೆ ಇರಬೇಡಿ, ಕಾಲಿನ ಮಾಂಸ ಕರಗಿದವರಲ್ಲಿ ಅದು ಇರಬೇಕಾದದ್ದಕ್ಕಿಂತ ಕಡಿಮೆ ತೋರಿಸುತ್ತದೆ.

ಟೆಸ್ಟ್ ದೊಡ್ಡ ಆಸ್ಪತ್ರೆಗಳ ಯೂರಾಲಜಿ ವಿಭಾಗದಲ್ಲಿ ಮಾಡುತ್ತಾರೆ. ಬೆನ್ನುಹುರಿ ಪೆಟ್ಟಿನವರನ್ನೇ ನೋಡಿ ಅನುಭವ ಇರುವ ಪುನಶ್ಚೇತನ ವಿಭಾಗ ಬೇಕು ಅಂದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ವೆಲ್ಲೂರಿನ ಸಿಎಂಸಿ ಇದೆ. ಹೋದಾಗ ಮೂರು ಪ್ರಶ್ನೆ ಕೇಳಿ: ಚೀಲ ತಾನಾಗಿ ಹಿಂಡುತ್ತಿದೆಯಾ? ಒತ್ತಡ ಎಷ್ಟು? ಕಾಲಿನ ನರಕ್ಕೆ ಕರೆಂಟ್ ಕೊಟ್ಟು ನೋಡಬಹುದಾ?

ಇವರಿಗೆ ಬೇಡ

ಹೃದಯಕ್ಕೆ ಪೇಸ್‌ಮೇಕರ್ ಹಾಕಿದವರು, ಗರ್ಭಿಣಿಯರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರು ಮಾಡಬಾರದು. ಬೆನ್ನುಹುರಿ ಪೆಟ್ಟಿನವರಲ್ಲಿ ಈ ಹೆಪ್ಪುಗಟ್ಟುವ ತೊಂದರೆ ಮಾಮೂಲಿ. ಒಂದು ಕಾಲು ಮಾತ್ರ ಊದಿಕೊಂಡು ಬಿಸಿಯಾಗಿದ್ದರೆ ಪ್ಯಾಡ್ ಮುಟ್ಟದೆ ಮೊದಲು ಆಸ್ಪತ್ರೆಗೆ ಹೋಗಿ. ಗಂಟಿನ ಹತ್ತಿರ ಹುಣ್ಣು, ಗಾಯ ಇದ್ದರೂ ಬೇಡ. ಫಿಟ್ಸ್ ಬರುವವರು, ಕಾಲಿನಲ್ಲಿ ರಾಡ್ ಅಥವಾ ಪ್ಲೇಟ್ ಇರುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಚಳಿಜ್ವರ, ಮೂತ್ರ ಕದಡಿ ವಾಸನೆ, ಕಾಲಿನ ಸೆಳೆತ ಇದ್ದಕ್ಕಿದ್ದಂತೆ ಜಾಸ್ತಿ, ಹೀಗೆ ಇನ್ಫೆಕ್ಷನ್ ಲಕ್ಷಣ ಕಂಡರೆ ಅದು ವಾಸಿ ಆದ ಮೇಲೆಯೇ ಕರೆಂಟ್.

ಪೈಪ್ ಬಿಡಬೇಡಿ, ಮಾತ್ರೆಯನ್ನೂ ನಿಲ್ಲಿಸಬೇಡಿ

ಕರೆಂಟ್ ಚೀಲವನ್ನು ಸುಮ್ಮನಿರಿಸುತ್ತದೆ, ಖಾಲಿ ಮಾಡುವುದಿಲ್ಲ. ಖಾಲಿ ಮಾಡುವ ಕೆಲಸ ಪೈಪಿನದೇ. ನಾಲ್ಕರಿಂದ ಆರು ಗಂಟೆಗೊಮ್ಮೆ ಸ್ವಚ್ಛವಾಗಿ ಕೈ ತೊಳೆದು ಕ್ಯಾತಿಟರ್ ಹಾಕಿ ಖಾಲಿ ಮಾಡಿ ತೆಗೆಯುವ ಈ ವಿಧಾನವನ್ನು 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ಅನ್ನುವ ಯೂರಾಲಜಿ ಡಾಕ್ಟರ್ ಜನರ ಮುಂದಿಟ್ಟರು. ಇವತ್ತಿಗೂ ಬಹಳಷ್ಟು ಜನರಿಗೆ ಕಿಡ್ನಿ ಉಳಿಸುವ ದಾರಿ ಇದೇ. ಒಂದು ಸಲಕ್ಕೆ 500 ಮಿ.ಲೀ. ದಾಟದ ಹಾಗೆ ಸಮಯ ಹೊಂದಿಸಿಕೊಳ್ಳಿ.

ಕಿಬ್ಬೊಟ್ಟೆ ಒತ್ತಿ ಒತ್ತಿ ಮೂತ್ರ ತೆಗೆಯುವ ಅಭ್ಯಾಸ ಕೆಲವು ಮನೆಗಳಲ್ಲಿ ಇದೆ. ನಮ್ಮ ಮನೆಯಲ್ಲೂ ಇತ್ತು. ಪೈಪ್ ಅಂದರೆ ಅಣ್ಣನಿಗೆ ಸಂಕೋಚ, ಅತ್ತಿಗೆಗೆ ಹೆದರಿಕೆ, ಒತ್ತಿದರೆ ಬರುತ್ತದಲ್ಲ ಅಂತ ಸಮಾಧಾನ. ಬಾಗಿಲು ಬಿಗಿದಿರುವಾಗ ಮೇಲಿನಿಂದ ಒತ್ತಿದರೆ ಮೂತ್ರ ಹೋಗುವುದು ಕಿಡ್ನಿಯ ಕಡೆಗೆ. ದಯವಿಟ್ಟು ನಿಲ್ಲಿಸಿ.

ಚೀಲವನ್ನು ಸುಮ್ಮನಿರಿಸುವ ಆಕ್ಸಿಬ್ಯುಟಿನಿನ್, ಸೋಲಿಫೆನಾಸಿನ್ ತರಹದ ಮಾತ್ರೆ ನಡೆಯುತ್ತಿದ್ದರೆ ಅದೂ ಮುಂದುವರಿಯಲಿ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ನಿಜ. ಡೋಸ್ ಕಡಿಮೆ ಮಾಡುವುದು ಮರು ಟೆಸ್ಟ್ ಆದ ಮೇಲೆ, ಡಾಕ್ಟರ್ ಹೇಳಿದಾಗ.

ಮೂರು ದಿನ ಬರೆದಿಡಿ

ಪ್ಯಾಡ್ ಮುಟ್ಟುವ ಮೊದಲು ಮೂರು ದಿನದ ಲೆಕ್ಕ ಇರಲಿ. ಅತ್ತಿಗೆ ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದರು. ಸಮಯ, ಕುಡಿದದ್ದು, ಪೈಪಿನಲ್ಲಿ ಬಂದದ್ದು, ನಡುವೆ ಸೋರಿತಾ. ‘ಬೆಳಗ್ಗೆ 6: 240. ಒದ್ದೆ. 10 ಗಂಟೆ: 180. ಒದ್ದೆ.’ ಇಷ್ಟೇ. ಅಳೆಯಲು ಗೆರೆ ಇರುವ ಪ್ಲಾಸ್ಟಿಕ್ ಜಗ್ ಸಾಕು. ಇದಿಲ್ಲದೆ ಎರಡು ತಿಂಗಳ ನಂತರ ‘ಸ್ವಲ್ಪ ಪರವಾಗಿಲ್ಲ ಅನಿಸುತ್ತದೆ’ ಅಂತ ಹೇಳುವುದರಿಂದ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ.

ಮಷಿನ್

ಟೆನ್ಸ್ ಮಷಿನ್ ಅಂತ ಕೇಳಿ. ನೋವಿಗೆ ಫಿಸಿಯೋದವರು ಕೊಡುವ ಸಣ್ಣ ಡಬ್ಬಿ, ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಬ್ಯಾಟರಿಯಲ್ಲಿ ನಡೆಯುವುದನ್ನೇ ತೆಗೆದುಕೊಳ್ಳಿ. ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಮಲೆನಾಡಿನ ಮನೆಗಳಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ವೈರನ್ನು ಮೈಗೆ ಅಂಟಿಸುವುದು ಬೇಡ. ಮುಖ್ಯವಾಗಿ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಮಿಡಿತ), ಮೈಕ್ರೋಸೆಕೆಂಡ್ (ಒಂದೊಂದು ಮಿಡಿತ ಎಷ್ಟು ಹೊತ್ತು) ಎರಡನ್ನೂ ನಾವೇ ಇಡುವ ಹಾಗೆ ಇರಬೇಕು. ‘ಮಸಾಜ್ 1, ಮಸಾಜ್ 2’ ಅಂತ ಬಟನ್ ಮಾತ್ರ ಇರುವ ಅಗ್ಗದ ಮಷಿನ್ ಈ ಕೆಲಸಕ್ಕೆ ಬರುವುದಿಲ್ಲ, ಒಳಗೆ ಎಷ್ಟು ಹೋಗುತ್ತಿದೆ ಅಂತಲೇ ತಿಳಿಯುವುದಿಲ್ಲ ಅಲ್ವಾ.

ಸೆಟ್ಟಿಂಗ್ ಸಾಮಾನ್ಯವಾಗಿ ಹೀಗಿರುತ್ತದೆ. ನಿರಂತರ ಮೋಡ್. 10ರಿಂದ 20 ಹರ್ಟ್ಸ್. 200 ಮೈಕ್ರೋಸೆಕೆಂಡ್. ಸಮಯ 30 ನಿಮಿಷ. ನಿಮ್ಮ ಫಿಸಿಯೋ ಬೇರೆ ಹೇಳಿದರೆ ಅವರದ್ದೇ ಸರಿ. ಮೊದಲ ಎರಡು ಮೂರು ಸಲ ಅವರ ಮುಂದೆಯೇ ಮಾಡಿ.

ಪ್ಯಾಡ್ ಅಂಟಿಸುವುದು

ಪಾದದ ಗಂಟಿನ ಒಳಬದಿಯಲ್ಲಿ ಗುಂಡಗೆ ಎಲುಬು ಎದ್ದು ಕಾಣುತ್ತದಲ್ಲ, ಅದರ ಹಿಂದೆ ಬೆರಳಿಡಿ. ಎಲುಬಿಗೂ ಹಿಮ್ಮಡಿಯಿಂದ ಮೇಲೆ ಹೋಗುವ ಹಗ್ಗದಂಥ ನಾರಿಗೂ ನಡುವೆ ಒಂದು ತಗ್ಗು ಇದೆ. ಒಂದು ಪ್ಯಾಡ್ ಅಲ್ಲಿ. ಇನ್ನೊಂದು ಅದೇ ಸಾಲಿನಲ್ಲಿ ಸುಮಾರು 10 ಸೆಂ.ಮೀ. ಮೇಲೆ, ಕಾಲಿನ ಒಳಬದಿಯಲ್ಲೇ. ಎರಡೂ ಒಂದಕ್ಕೊಂದು ತಾಗಬಾರದು. ಒಂದು ಕಾಲು ಸಾಕು, ಯಾವುದಾದರೂ ಆಗುತ್ತದೆ.

ಅದಕ್ಕೂ ಮೊದಲು ಕಾಲನ್ನು ಸೋಪು ಹಾಕಿ ತೊಳೆದು ಪೂರ್ತಿ ಒರೆಸಿ. ನಮ್ಮಲ್ಲಿ ಅಮ್ಮ ದಿನಾ ಬೆಳಗ್ಗೆ ಅಣ್ಣನ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು, ಪ್ರೀತಿಗೆ. ಎಣ್ಣೆ ಇದ್ದ ಕಾಲಿಗೆ ಪ್ಯಾಡ್ ಕೂರುವುದಿಲ್ಲ, ಅಂಚು ಏಳುತ್ತದೆ. ಅಂಚು ಎದ್ದರೆ ಕರೆಂಟೆಲ್ಲ ಅಂಟಿಕೊಂಡ ಸ್ವಲ್ಪ ಜಾಗದಲ್ಲೇ ನುಗ್ಗುತ್ತದೆ. ಎರಡನೇ ವಾರ ಅಣ್ಣನಿಗೆ ಹೀಗೇ ಆಗಿ ಎಲುಬಿನ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಸುಟ್ಟಿತು. ಅವನಿಗೆ ಗೊತ್ತಾಗಲಿಲ್ಲ, ಆ ಜಾಗದಲ್ಲಿ ಸ್ಪರ್ಶ ಇಲ್ಲ. ಪ್ಯಾಡ್ ತೆಗೆದಾಗ ನಾನು ನೋಡಲೂ ಇಲ್ಲ, ವೈರ್ ಸುತ್ತಿಟ್ಟು ತೋಟಕ್ಕೆ ಹೋಗಿದ್ದೆ. ಸಂಜೆ ಅತ್ತಿಗೆ ಕಾಲು ಒರೆಸುವಾಗ ಕಂಡದ್ದು. ಮಾಯಲು ಐದು ವಾರ ಹಿಡಿಯಿತು, ಅಷ್ಟೂ ದಿನ ಆ ಕಾಲಿಗೆ ಕರೆಂಟ್ ಕೊಡಲಿಲ್ಲ. ಈಗ ಎಣ್ಣೆ ರಾತ್ರಿಗೆ. ಪ್ಯಾಡ್ ಅಂಟು ಕಳೆದುಕೊಂಡ ದಿನವೇ ಹೊಸದು. ತೆಗೆದ ಕೂಡಲೇ ಬೆಳಕಿನಲ್ಲಿ ಚರ್ಮ ನೋಡುತ್ತೇನೆ, ಸ್ವಲ್ಪ ಕೆಂಪು ಇದ್ದರೆ ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ. ಆಗಲೂ ಹೋಗಿರದಿದ್ದರೆ ಮರುದಿನ ರಜೆ. ಕೂದಲು ಜಾಸ್ತಿ ಇದ್ದರೆ ಕತ್ತರಿಯಲ್ಲಿ ಕತ್ತರಿಸಿ, ಬ್ಲೇಡು ಬೇಡ.

ಹೆಬ್ಬೆರಳು ನೋಡಿ

ಸ್ಪರ್ಶ ಇರುವವರು ‘ಜುಮ್ ಅನ್ನುತ್ತಿದೆ’ ಅಂತ ಹೇಳುತ್ತಾರೆ. ಇಲ್ಲದವರಿಗೆ ಹೆಬ್ಬೆರಳೇ ಮೀಟರ್. ಮಷಿನ್ ಸೊನ್ನೆಯಲ್ಲಿಟ್ಟು ಚಾಲು ಮಾಡಿ, ಒಂದೊಂದೇ ಅಂಕಿ ಏರಿಸುತ್ತಾ ಕಾಲಿನ ಹೆಬ್ಬೆರಳಿನ ಮೇಲೆ ಕಣ್ಣಿಡಿ. ಒಂದು ಹಂತದಲ್ಲಿ ಅದು ಸಣ್ಣಗೆ ಅದುರುತ್ತದೆ ಅಥವಾ ಅಂಗಾಲಿನ ಕಡೆ ಮಡಚುತ್ತದೆ. ನರ ಸಿಕ್ಕಿತು ಅಂತ ಅರ್ಥ. ಈಗ ಅದುರುವುದು ನಿಲ್ಲುವ ತನಕ ಸ್ವಲ್ಪ ಇಳಿಸಿ, ಅಲ್ಲೇ ಬಿಡಿ. ಹೆಚ್ಚು ಕೊಟ್ಟರೆ ಬೇಗ ಗುಣ ಅನ್ನುವುದು ಇಲ್ಲಿ ಇಲ್ಲ.

ಅಣ್ಣ ಮೊದಲ ದಿನ ತನ್ನ ಹೆಬ್ಬೆರಳು ಅಲ್ಲಾಡಿದ್ದನ್ನು ನೋಡಿ ಮಾತೇ ಆಡಲಿಲ್ಲ. ಆಮೇಲೆ ‘ಇನ್ನೊಂದ್ಸಲ ಮಾಡೋ’ ಅಂದ. ನಿಮ್ಮ ಮನೆಯಲ್ಲೂ ಈ ಗಳಿಗೆ ಬರುತ್ತದೆ. ಕಾಲು ಬಂತು ಅಂತ ಆಸೆ ಹುಟ್ಟುತ್ತದೆ. ಅದು ಕರೆಂಟಿಗೆ ಸ್ನಾಯು ಕೊಟ್ಟ ಉತ್ತರ, ಮೆದುಳಿನಿಂದ ಬಂದ ಆಜ್ಞೆ ಅಲ್ಲ. ಮೊದಲೇ ಹೇಳಿಬಿಡಿ, ಆಮೇಲೆ ಹೇಳುವುದು ಬಹಳ ಕಷ್ಟ.

ಬೆರಳು ಅಲ್ಲಾಡದಿದ್ದರೆ ಪ್ಯಾಡನ್ನು ಅರ್ಧ ಬೆರಳಿನಷ್ಟು ಸರಿಸಿ, ಕೆಂಪು ಕಪ್ಪು ವೈರ್ ಅದಲುಬದಲು ಮಾಡಿ ನೋಡಿ. ಆಗಲೂ ಇಲ್ಲ ಅಂದರೆ ಏರಿಸುತ್ತಾ ಹೋಗಬೇಡಿ, ನರವೇ ಕೆಲಸ ಮಾಡುತ್ತಿಲ್ಲದಿರಬಹುದು, ಫಿಸಿಯೋಗೆ ತೋರಿಸಿ. ಇಡೀ ಕಾಲು ಸೆಳೆತದಲ್ಲಿ ಕುಣಿಯುವುದನ್ನು ಬೆರಳಿನ ಅದುರು ಅಂತ ತಪ್ಪು ತಿಳಿಯಬೇಡಿ. ಸೆಳೆತ ಬಂದರೆ ಸೊನ್ನೆಗೆ ಇಳಿಸಿ, ನಿಂತ ಮೇಲೆ ಮತ್ತೆ ನಿಧಾನ ಏರಿಸಿ.

ಪೆಟ್ಟು ಟಿ-6 ಅಥವಾ ಅದಕ್ಕಿಂತ ಮೇಲಿದ್ದರೆ

ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ ಪೆಟ್ಟಿನವರಲ್ಲಿ ಕೆಳಗೆ ಏನೇ ಕಿರಿಕಿರಿ ಆದರೂ ಬಿಪಿ ಇದ್ದಕ್ಕಿದ್ದಂತೆ ಏರಬಹುದು. ಮೂತ್ರಚೀಲ ತುಂಬಿದ್ದೇ ಇದಕ್ಕೆ ಸಾಮಾನ್ಯ ಕಾರಣ, ಕರೆಂಟೂ ಕಾರಣ ಆಗಬಹುದು. ತಲೆ ಸಿಡಿಯುವ ನೋವು, ಮುಖ ಕೆಂಪಾಗಿ ಬೆವರು, ಮೈ ನವಿರೇಳುವುದು, ಇವು ಲಕ್ಷಣ. ಇವರ ಮಾಮೂಲಿ ಬಿಪಿಯೇ 90–110 ಇರುವುದರಿಂದ ಮೇಲಿನ ಅಂಕಿ 140 ಬಂದರೂ ಅದು ಇವರಿಗೆ ಬಹಳ ಜಾಸ್ತಿ. ಕೂಡಲೇ ಮಷಿನ್ ಆಫ್ ಮಾಡಿ, ಎಬ್ಬಿಸಿ ಕೂರಿಸಿ, ಕಾಲು ಕೆಳಗೆ ಇಳಿಬಿಡಿ, ಬಿಗಿ ಬಟ್ಟೆ, ಬೆಲ್ಟ್ ಸಡಿಲಿಸಿ. ಮೂತ್ರ ಖಾಲಿ ಮಾಡಿ, ಪೈಪ್ ಇದ್ದರೆ ಎಲ್ಲಾದರೂ ಮಡಚಿದೆಯಾ ನೋಡಿ. ಇಳಿಯದಿದ್ದರೆ ತಡ ಮಾಡದೆ ಆಸ್ಪತ್ರೆ. ಇಂಥವರು ಮೊದಲ ಕೆಲವು ಸಲ ಆಸ್ಪತ್ರೆಯಲ್ಲೇ, ಬಿಪಿ ನೋಡುತ್ತಾ ಮಾಡಬೇಕು. ಎಲ್ಲರೂ ಒಂದು ಮಾಡಿ: ಕರೆಂಟ್ ಕೊಡುವ ಮೊದಲು ಚೀಲ ಖಾಲಿ ಮಾಡಿ.

ಎಷ್ಟು ದಿನ, ಏನು ನಿರೀಕ್ಷಿಸಬೇಕು

ವಾರಕ್ಕೆ ಎರಡು ಸಲದಿಂದ ಹಿಡಿದು ದಿನಾ ಕೊಡುವ ತನಕ ಬೇರೆ ಬೇರೆ ಪದ್ಧತಿ ಇದೆ. ನಾವು ವಾರಕ್ಕೆ ಐದು ದಿನ, ಬೆಳಗಿನ ತಿಂಡಿ ಆದ ಮೇಲೆ. ಮೊದಲ ಮೂರು ವಾರ ಏನೂ ಕಾಣಲಿಲ್ಲ. ಆಮೇಲೆ ರಾತ್ರಿಯ ಒದ್ದೆ ಮೊದಲು ಕಡಿಮೆ ಆಯಿತು. ಪೂರ್ತಿ 12 ವಾರ ಮಾಡುವ ಮೊದಲೇ ‘ಪ್ರಯೋಜನ ಇಲ್ಲ’ ಅಂತ ತೀರ್ಮಾನ ಮಾಡಬೇಡಿ. ಆ ಹೊತ್ತಿಗೂ ನೋಟ್‌ಬುಕ್ಕಿನಲ್ಲಿ ಅಂಕಿ ಬದಲಾಗದಿದ್ದರೆ ನಿಲ್ಲಿಸಿ ಡಾಕ್ಟರ ಹತ್ತಿರ ಮುಂದಿನ ದಾರಿ ಕೇಳಿ. ಚೀಲಕ್ಕೆ ಬೊಟಾಕ್ಸ್ ಚುಚ್ಚುಮದ್ದು ಇದೆ, ಕೆಲವು ತಿಂಗಳು ಕೆಲಸ ಮಾಡುತ್ತದೆ. ಒತ್ತಡ ಅಪಾಯದ ಮಟ್ಟದಲ್ಲಿ ಇರುವವರು ಕರೆಂಟ್ ನಂಬಿ ಬೇರೆ ಚಿಕಿತ್ಸೆ ಮುಂದೂಡಲೇಬಾರದು. ಉಪಯೋಗ ಆದವರಿಗೂ ನಿಲ್ಲಿಸಿದರೆ ಕ್ರಮೇಣ ಹಳೇ ಸ್ಥಿತಿ ಬರಬಹುದು, ಹಾಗಾಗಿ ದಿನ ಕಡಿಮೆ ಮಾಡಿಕೊಂಡು ಮುಂದುವರಿಸುವವರೇ ಜಾಸ್ತಿ.

ಮೈಯೊಳಗೆ ಕೂರಿಸುವ ಮಷಿನ್‌ಗಳ ಬಗ್ಗೆಯೂ ಕೇಳಿರುತ್ತೀರಿ. ಬ್ರಿಟನ್ನಿನ ಜೈಲ್ಸ್ ಬ್ರಿಂಡ್ಲಿ 1970ರ ದಶಕದಲ್ಲಿ ಮಾಡಿದ ಸಾಧನದಲ್ಲಿ ಬಟನ್ ಒತ್ತಿ ಮೂತ್ರಚೀಲವನ್ನೇ ಹಿಂಡಿಸಬಹುದು. ಆದರೆ ಅದರ ಜೊತೆ ಸಾಮಾನ್ಯವಾಗಿ ಸಂವೇದನೆಯ ನರಬೇರುಗಳನ್ನು ಕತ್ತರಿಸುತ್ತಾರೆ, ಗಂಡಸರಿಗೆ ತಾನಾಗಿ ಬರುವ ನಿಮಿರುವಿಕೆ ಆಮೇಲೆ ಇರುವುದಿಲ್ಲ. ಒಪ್ಪಿಗೆ ಕೊಡುವ ಮೊದಲು ಗಂಡ ಹೆಂಡತಿ ಇಬ್ಬರೂ ಕೂತು ಕೇಳಬೇಕಾದ ವಿಷಯ ಅದು. ಸೊಂಟದ ಹತ್ತಿರ ಇಡುವ ಇನ್ನೊಂದು ತರಹದ ಮಷಿನ್ ಹುರಿಗೆ ಭಾಗಶಃ ಪೆಟ್ಟಾದವರಲ್ಲಿ ಕೆಲವರಿಗೆ ಸಹಾಯ ಮಾಡಿದೆ, ಪೂರ್ತಿ ಪೆಟ್ಟಾದವರಿಗೆ ಅಷ್ಟಾಗಿ ಅಲ್ಲ.

12 ವಾರ ಆದ ಮೇಲೆ ಮರು ಟೆಸ್ಟಿಗೆ ಹೋಗುವಾಗ ಹಿಂದಿನ ರಿಪೋರ್ಟ್, ಮಾತ್ರೆ ಚೀಟಿ, ಮಷಿನ್, ನೋಟ್‌ಬುಕ್ ನಾಲ್ಕೂ ಒಯ್ಯಿರಿ. ಅಣ್ಣನ ಸಲ ಡಾಕ್ಟರ್ ಮೊದಲು ಕೈಗೆ ತೆಗೆದುಕೊಂಡದ್ದು ನೋಟ್‌ಬುಕ್ಕನ್ನೇ. ಮೊದಲ ಹಾಳೆಯಲ್ಲಿ 240, 180 ಇದ್ದ ಜಾಗದಲ್ಲಿ ಕೊನೆಯ ಹಾಳೆಯಲ್ಲಿ 350, 330 ಇತ್ತು. ಒದ್ದೆ ದಿನಕ್ಕೆ ಒಂದೋ ಎರಡೋ. ಆಮೇಲೆ ಟೆಸ್ಟ್ ಮಾಡಿದರು, ಒತ್ತಡ ಇಳಿದಿತ್ತು. ಮಾತ್ರೆ ಹಾಗೇ ಇರಲಿ, ಪೈಪ್ ನಾಲ್ಕರ ಬದಲು ಐದು ಗಂಟೆಗೊಮ್ಮೆ ಹಾಕಿ ಅಂತ ಬರೆದುಕೊಟ್ಟರು. ಅತ್ತಿಗೆ ಬಸ್ಸಿನಲ್ಲೇ ಹೊಸ ಹಾಳೆಗೆ ಗೆರೆ ಎಳೆದು ಸಮಯ ತಿದ್ದಿಕೊಂಡರು.